ಲೌಂಜಿನಲ್ಲಿ ಕೂಗುವುದಿಲ್ಲ

ಪುಕ್ಕಟೆ ಸಿಕ್ಕಿದರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವವರು ಎಲ್ಲೆಲ್ಲೂ ಸಿಗುತ್ತಾರೆ. ತಾನೇ ದುಡ್ಡು ಕೊಟ್ಟು ಕೊಂಡದ್ದನ್ನು ಪುಕ್ಕಟೆ ಎಂದು ನಂಬಿ ಎದೆಯುಬ್ಬಿಸಿಕೊಂಡು ನಡೆಯುವವನನ್ನು ನೋಡಬೇಕಾದರೆ ಮಾತ್ರ ವಿಮಾನ ನಿಲ್ದಾಣಕ್ಕೇ ಹೋಗಬೇಕು. ಕೂಗುಮಾರಿ ಅಂಥ ಆಸಾಮಿ.

ಆ ಹೆಸರು ವಕೀಲರು ಇಟ್ಟದ್ದು. ಕೋರ್ಟಿನ ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರು ಕೂಗುವ ಜವಾನನಾಗಿಯೇ ಅವನ ತಲೆ ನರೆತಿತ್ತು. ಒಂದು ಹೆಸರನ್ನು ಮೂರು ಸಲ ಕೂಗಬೇಕು, ಬಾರದಿದ್ದರೆ ಒಳಗೆ ಹೋಗಿ 'ಗೈರುಹಾಜರು ಸ್ವಾಮಿ' ಎನ್ನಬೇಕು. ಇಷ್ಟೇ ಕೆಲಸ. ಇಷ್ಟರಲ್ಲೇ ಅವನು ದರ್ಬಾರು ನಡೆಸಿದ. ಕೈ ಬೆಚ್ಚಗೆ ಮಾಡಿದವರ ಹೆಸರು ಬೀದಿಯ ತುದಿಗೆ ಕೇಳಿಸುತ್ತಿತ್ತು. ಮಾಡದವರ ಹೆಸರನ್ನು ಗೋಡೆಗೆ ಮುಖ ಮಾಡಿ ಕೂಗುತ್ತಿದ್ದ. ಎದುರಿನ ಮರದಡಿ ಕೂತಿದ್ದ ಒಬ್ಬ ವಿಧವೆ ಹೀಗೆ ಹೆಸರು ಕೇಳಿಸದೆ ಇದ್ದೊಂದು ಮನೆ ಕಳೆದುಕೊಂಡಳು. ಅದನ್ನು ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿ, ಕೆಮ್ಮು ಬರುವಷ್ಟು ನಕ್ಕಿದ್ದ. ಹೆಂಡತಿ ನೀರಿನ ಲೋಟ ಮುಂದೆ ಸರಿಸಿದಳು, ಅಷ್ಟೆ.

ಅವಳು ಮಾತಾಡುವವಳೇ ಅಲ್ಲ. ನಡುಮನೆಯ ಕಿಟಕಿಯ ಕೆಳಗೆ ಹೊಲಿಗೆ ಯಂತ್ರ ಇಟ್ಟುಕೊಂಡು ನೆರೆಹೊರೆಯವರ ಬಟ್ಟೆಗಳ ಹೊಲಿಗೆ ಬಿಚ್ಚಿ, ಚಿಕ್ಕದು ದೊಡ್ಡದು ಮಾಡಿಕೊಡುತ್ತಿದ್ದಳು. ಗಂಡನ ಮಾತಿಗೆ ಯಂತ್ರದ ಸದ್ದೇ ಅವಳ ಉತ್ತರ. ಒಬ್ಬಳೇ ಮಗಳು ತಾನು ಮೆಚ್ಚಿದವನ ಜೊತೆ ಹೊರಟು ನಿಂತ ದಿನ ಕೂಗುಮಾರಿ ಹೊಸ್ತಿಲಲ್ಲಿ ನಿಂತು, ಕೋರ್ಟಿನ ದನಿಯಲ್ಲೇ ಅವಳ ಹೆಸರನ್ನು ಮೂರು ಸಲ ಕೂಗಿದ. ಹುಡುಗಿ ಬೀದಿಯ ತಿರುವಿನವರೆಗೆ ಹೋಗಿದ್ದಳು. ನಿಂತಳು, ಆದರೆ ತಿರುಗಲಿಲ್ಲ. 'ಗೈರುಹಾಜರು' ಎಂದು ಬಾಗಿಲು ಹಾಕಿದ. ಅಂದಿನಿಂದ ಆ ಮನೆಯಲ್ಲಿ ಆ ಹೆಸರು ಯಾರೂ ಎತ್ತುವ ಹಾಗಿರಲಿಲ್ಲ.

ತಾಯಿ ಕದ್ದು ಎತ್ತಿದಳು. ಮಗಳನ್ನು ಕಟ್ಟಿಕೊಂಡವನು ಎರಡು ವರ್ಷಕ್ಕೇ ಕೈಕೊಟ್ಟ. ಆಮೇಲೆ ಬಾಡಿಗೆಗೆ, ಔಷಧಿಗೆ, ಕೊನೆಗೆ ಚಪ್ಪಲಿಗೂ ಹೋದದ್ದು ಈ ಹೊಲಿಗೆ ಯಂತ್ರದ ದುಡ್ಡೇ. ಮಹಡಿಯ ಮೇಲೆ ಒಣಬಟ್ಟೆಗಳ ಮರೆಯಲ್ಲಿ ನಿಂತು ಅವಳು ಫೋನಿನಲ್ಲಿ ಮಗಳ ಅಳುವನ್ನೆಲ್ಲ ಕೇಳಿದಳು. ಹೆತ್ತವಳೂ ತಾನೇ, ಹೊತ್ತವಳೂ ತಾನೇ ಎಂಬ ಹೆಮ್ಮೆ ಅವಳಿಗಿತ್ತು. ಅವಳಿಗಿದ್ದದ್ದೂ ಅದೊಂದೇ.

ಹೀಗಿರುವಾಗ ಮಗಳ ಕಿವಿಗೆ ಕುತ್ತು ಬಂತು. ಒಂದು ಕಿವಿ ಆಗಲೇ ಹೋಗಿತ್ತು. ಇನ್ನೊಂದರ ನರದ ಬುಡದಲ್ಲೂ ಗಡ್ಡೆ. ತೆಗೆಯದಿದ್ದರೆ ಜೀವಕ್ಕೆ ಅಪಾಯ, ತೆಗೆದರೆ ಕೇಳಿಸುವುದು ಪೂರ್ತಿ ನಿಲ್ಲುತ್ತದೆ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಆಪರೇಷನ್ನಿಗೆ ದಿನ ಗೊತ್ತಾದ ಮೇಲೆ ಮಗಳು ಫೋನು ಮಾಡಿದಳು.

"ಅಮ್ಮಾ, ಒಂದು ಕೇಳ್ತೀನಿ, ಇಲ್ಲ ಅನ್ಬೇಡ. ಅಪ್ಪನ್ನ ಕರ್ಕೊಂಡು ಬಾ. ಅವರು ನನ್ನ ಹೆಸರು ಒಂದ್ಸಲ ಕೂಗೋದು ಕೇಳ್ಬೇಕು. ಆಮೇಲೆ ಏನು ಬೇಕಾದ್ರೂ ಆಗ್ಲಿ."

"ನಾನು ಬರ್ತೀನಲ್ಲ ಕಂದಾ."

"ನೀನು ಬಂದೇ ಬರ್ತೀಯ. ನಿಂದು ದಿನಾ ಕೇಳ್ತಾನೇ ಇರ್ತೀನಲ್ಲಮ್ಮಾ."

ದಿನಾ ಕೇಳುವ ದನಿಗೆ ಬೆಲೆ ಇಲ್ಲ. ಅವಳು ಆ ಮಾತನ್ನು ನುಂಗಿಕೊಂಡಳು, ಆದರೆ ಅದು ಗಂಟಲಿನಿಂದ ಕೆಳಗೆ ಇಳಿಯಲಿಲ್ಲ. ಗಂಡನಿಗೆ ಮಗಳ ತಲೆಯ ಆಪರೇಷನ್ನು ಎಂದಳು, ನಿಮ್ಮನ್ನು ನೋಡಬೇಕಂತೆ ಎಂದಳು. ಕಿವಿಯ ಮಾತು ಎತ್ತಲಿಲ್ಲ. ನಿಮ್ಮ ದನಿಗಾಗಿ ಕಾದಿದ್ದಾಳೆ ಎಂದು ತನ್ನ ಬಾಯಿಂದಲೇ ಹೇಳಲು ಅವಳ ನಾಲಿಗೆ ಹೊರಳಲಿಲ್ಲ.

ಕೂಗುಮಾರಿ ಎದ್ದು ಬಚ್ಚಲಿಗೆ ಹೋದ. ನಲ್ಲಿ ಜೋರಾಗಿ ಬಿಟ್ಟುಕೊಂಡ. ನೀರಿನ ಸದ್ದಿನ ಕೆಳಗೆ ಅವನು ಮಗಳ ಹೆಸರನ್ನು ಮೆಲ್ಲಗೆ ಹೇಳಿ ನೋಡುತ್ತಿದ್ದದ್ದು ಬಾಗಿಲಾಚೆ ಟವೆಲು ಹಿಡಿದು ನಿಂತಿದ್ದ ಹೆಂಡತಿಗೆ ಕೇಳಿಸಿತು. ಒಮ್ಮೆ ಗಡುಸಾಗಿ, ಒಮ್ಮೆ ಮುದ್ದಾಗಿ. ಬೇರೆ ಹೆಂಗಸಾಗಿದ್ದರೆ ಕರಗುತ್ತಿದ್ದಳೋ ಏನೋ. ಇವಳ ಹೊಟ್ಟೆಗೆ ಬೆಂಕಿ ಬಿತ್ತು. ಇಷ್ಟು ವರ್ಷ ಬೆವರು ಸುರಿಸಿದವಳು ಇವಳು. ಒಂದು ಸಲ ಬಾಯಿ ತೆರೆದು ಎಲ್ಲವನ್ನೂ ಬಾಚಿಕೊಳ್ಳುವವನು ಅವನು.

ಮಗಳ ಊರಿಗೆ ದಿನಕ್ಕೆ ಒಂದೇ ವಿಮಾನ. ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನದ ಟಿಕೆಟು ಸಿಕ್ಕಿತು. ಕೂಗುಮಾರಿ ಮಾತ್ರ ಹೆಂಡತಿಯನ್ನು ಬೆಳಿಗ್ಗೆಯೇ ಹೊರಡಿಸಿದ. ಕಾರಣ ಲೌಂಜು, ವಿಮಾನ ನಿಲ್ದಾಣದಲ್ಲಿ ತಿಂಡಿ ಕೊಟ್ಟು ಕೂರಿಸುವ ಕೋಣೆ. ನಿವೃತ್ತಿಯ ಹಣ ಇಟ್ಟ ಬ್ಯಾಂಕಿನವರು ಅವನಿಗೊಂದು ಕಾರ್ಡು ಅಂಟಿಸಿದ್ದರು. ವರ್ಷವರ್ಷವೂ ಅದಕ್ಕೆ ಶುಲ್ಕ ಕಟ್ಟುತ್ತಿದ್ದ, ವಿಮಾನ ಹತ್ತಿದವನೇ ಅಲ್ಲ. "ಲೌಂಜು ಫ್ರೀ" ಎಂದು ಕೋರ್ಟಿನ ಕ್ಯಾಂಟೀನಿನಲ್ಲಿ ಹೇಳಿಕೊಂಡದ್ದೇ ಇಲ್ಲಿಯವರೆಗಿನ ಲಾಭ. ಈ ವರ್ಷದ ಗಡುವು ಆ ತಿಂಗಳಿಗೇ ಮುಗಿಯುತ್ತಿತ್ತು.

"ಕಟ್ಟಿರೋ ಶುಲ್ಕದಲ್ಲಿ ಹೊರಗೆ ತಿಂಗಳುಗಟ್ಲೆ ಊಟ ಮಾಡ್ಬಹುದಿತ್ತಲ್ರೀ?" ಎಂದು ಹೆಂಡತಿ ಟ್ಯಾಕ್ಸಿಯಲ್ಲಿ ಕೇಳಿದಳು.

"ಲೇ, ಊಟದ ಲೆಕ್ಕ ಅಲ್ಲ ಕಣೇ ಅದು. ಮರ್ಯಾದೆ. ಇಷ್ಟು ವರ್ಷ ಬಾಗಿಲ ಹೊರಗೆ ನಿಂತವನು ನಾನು. ಒಂದಿನ ಒಳಗೆ ಕೂತ್ಕೋತೀನಿ."

ಲೌಂಜಿನ ಬಾಗಿಲಲ್ಲಿ ಮರ್ಯಾದೆ ಒಬ್ಬರಿಗೆ ಮಾತ್ರ ಎಂದು ತಿಳಿಯಿತು. ಜೊತೆಯವರಿಗೆ ಬೇರೆ ಹಣ. ಕೂಗುಮಾರಿ ಮೇಜಿನ ಹಿಂದಿದ್ದ ಹುಡುಗಿಯ ಜೊತೆ ಜಗಳಕ್ಕೆ ನಿಂತ. ಅವಳು ನಗುಮುಖದಲ್ಲೇ ಆಗುವುದಿಲ್ಲ ಎಂದಳು. ಆ ಗದ್ದಲದ ನಡುವೆ ಇನ್ನೊಂದು ಮಾತೂ ಹೇಳಿದಳು: "ಸರ್, ಒಳಗಡೆ ವಿಮಾನದ ಅನೌನ್ಸ್‌ಮೆಂಟ್ ಬರಲ್ಲ. ಅಲ್ಲಿರೋ ಟಿವಿ ಪರದೆ ನೀವೇ ನೋಡ್ಕೋಬೇಕು." ಕೂಗುಮಾರಿ ಆಗ ಕಾರ್ಡನ್ನು ಮೇಜಿಗೆ ಕುಟ್ಟುತ್ತ ತಾನೇ ಮಾತಾಡುತ್ತಿದ್ದ. ಮಾತು ಅವನ ಕಿವಿಗೆ ಬೀಳಲಿಲ್ಲ, ಹೆಂಡತಿಯ ಕಿವಿಗೆ ಬಿತ್ತು.

ಅವನು ಜೇಬಿಗೆ ಕೈ ಹಾಕಿದ. ಹಾಕಿದ ಕೈ ಅಲ್ಲೇ ಉಳಿಯಿತು.

"ನಿಂಗ್ಯಾಕೆ ಇದೆಲ್ಲ. ಹೊಟ್ಟೆ ತುಂಬ ತಿನ್ನೋಳೂ ಅಲ್ಲ. ನೀನು ಗೇಟಿನ ಹತ್ರ ಕೂತಿರು, ನಾನು ಬರ್ತೀನಿ."

"ಹೊತ್ತಾದ್ರೆ?"

"ಹೆಸರು ಕೂಗ್ದೆ ಯಾರನ್ನೂ ಬಿಟ್ಟು ಹೋಗೋಹಾಗಿಲ್ಲ ಕಣೇ. ನನಗೆ ಹೇಳ್ಕೊಡ್ತೀಯ? ಕೂಗಿದ್ರೆ ಸತ್ತಿದ್ರೂ ಎದ್ದು ಬರ್ತೀನಿ."

ನಿಜಕ್ಕೂ ಅದು ಅವನ ವಿದ್ಯೆ. ಕೋರ್ಟಿನ ಬೆಂಚಿನ ಮೇಲೆ ಗೊರಕೆ ಹೊಡೆಯುತ್ತಿದ್ದವನು ಸಾಹೇಬರು ಹೆಸರೆತ್ತಿದೊಡನೆ ಸೊಂಟದ ಪಟ್ಟಿ ಸರಿಮಾಡಿಕೊಂಡು ನಿಂತಿರುತ್ತಿದ್ದ. ಕೂಗುವವರಿಲ್ಲದ ಜಾಗ ಎಂಬುದೊಂದು ಇರಬಹುದೆಂದು ಅವನ ಜನ್ಮದಲ್ಲಿ ಹೊಳೆದಿರಲಿಲ್ಲ.

ಅವಳು ಗೇಟಿನೆದುರಿನ ಕಬ್ಬಿಣದ ಕುರ್ಚಿಯಲ್ಲಿ ಕೂತು ಚೀಲದಿಂದ ಎರಡು ತುಂಡು ಬ್ರೆಡ್ಡು ತೆಗೆದು ತಿಂದಳು. ಲೌಂಜಿನ ಗಾಜಿನ ಗೋಡೆ ಅಲ್ಲಿಂದ ಕಾಣುತ್ತಿತ್ತು. ಆ ಲೌಂಜಿನಲ್ಲಿ ಏನಿದೆ ಮಹಾ! ಮುಚ್ಚಳ ಹಾಕಿದ ಪಾತ್ರೆಗಳು, ಗುಂಡಿ ಒತ್ತಿದರೆ ಉಗುಳುವ ಕಾಫಿ ಯಂತ್ರ, ಕೂತರೆ ಏಳಲು ಬಿಡದ ಸೋಫಾ. ಅಲ್ಲಿ ಮಾರುವುದು ತಿಂಡಿಯನ್ನಲ್ಲ, ಹೊರಗೆ ಕೂತವರನ್ನು ಗಾಜಿನಾಚೆಯಿಂದ ನೋಡುವ ಸುಖವನ್ನು. ಕೂಗುಮಾರಿ ಅದನ್ನೂ ಬಿಡಲಿಲ್ಲ. ಗಾಜಿನ ಹತ್ತಿರ ಬಂದು ತಟ್ಟೆ ಎತ್ತಿ ಹಿಡಿದು, ಕೇಕಿನ ತುಂಡನ್ನು ಹೆಂಡತಿಗೆ ತೋರಿಸಿ ಹುಬ್ಬು ಹಾರಿಸಿದ. ಅವಳು ಕೈಯೆತ್ತಿ ಸರಿ ಸರಿ ಎಂದಳು.

ವಿಮಾನಕ್ಕೆ ಜನ ಸಾಲು ನಿಲ್ಲತೊಡಗಿದಾಗ ಎದ್ದು ಆ ಗಾಜಿನ ಗೋಡೆಯ ಹತ್ತಿರ ಹೋದಳು. ಅವನು ಸೋಫಾದಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದ. ತಟ್ಟೆ ಹೊಟ್ಟೆಯ ಮೇಲಿತ್ತು, ಉಸಿರಿಗೆ ಚಮಚ ಮೇಲೆ ಕೆಳಗೆ ಆಡುತ್ತಿತ್ತು. ಗಾಜು ಬಡಿಯಲು ಅವಳು ಕೈಯೆತ್ತಿದಳು. ಬೆರಳ ಗೆಣ್ಣು ಗಾಜಿಗೆ ತಾಕಿಯೂ ತಾಕಿತು. ಬಚ್ಚಲಿನಲ್ಲಿ ಕೇಳಿದ ಆ ಹೆಸರು ನೆನಪಾಯಿತು. ಕೈ ಕೆಳಗಿಳಿಸಿ ಬಂದು ಸಾಲಿನ ಕೊನೆಯಲ್ಲಿ ನಿಂತಳು.

ಗೇಟಿನ ಹುಡುಗಿ ಮೈಕು ಹಿಡಿದು ಅವನ ಹೆಸರು ಕೂಗಿದಳು. ಹೊರಗಿನವರೆಲ್ಲ ಕೇಳಿದರು. ಸ್ವಲ್ಪ ತಡೆದು ಇನ್ನೊಮ್ಮೆ ಕೂಗಿದಳು. ಆಮೇಲೆ ಇವಳ ಬೋರ್ಡಿಂಗ್ ಚೀಟಿ ನೋಡಿ ಕೇಳಿದಳು: "ಇವರು ನಿಮ್ಮ ಯಜಮಾನ್ರಲ್ವಾ ಅಮ್ಮಾ? ಎಲ್ಲಿದ್ದಾರೆ? ಇನ್ನೊಂದ್ಸಲ ಕೂಗ್ತೀನಿ, ಬೇಕಾದ್ರೆ ಲೌಂಜಿಗೂ ಯಾರನ್ನಾದ್ರೂ ಕಳಿಸ್ತೀನಿ."

"ಬೇಡಮ್ಮ," ಎಂದಳು ಅವಳು. "ಅವರು ಬರಲ್ಲ. ಮನಸ್ಸು ಬದಲಾಯಿಸ್ಕೊಂಡು ಮನೆಗೆ ಹೋದ್ರು."

ಹುಡುಗಿ ಮೈಕು ಕೆಳಗಿಟ್ಟಳು.

ವಿಮಾನ ಇಳಿದು ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಫೋನು ಹೊಡೆದುಕೊಂಡಿತು. ಅವಳು ಎತ್ತಿದಳು.

"ಕೂಗ್ಲೇ ಇಲ್ಲ ಕಣೇ!" ಕೂಗುಮಾರಿ ಮಗುವಿನ ಹಾಗೆ ಅಳುತ್ತಿದ್ದ. "ನನ್ನ ಹೆಸರು ಒಂದ್ಸಲಾನೂ ಕೂಗ್ಲಿಲ್ಲ. ಕೂಗ್ದೆ ಹೇಗೆ ಬಿಟ್ಟು ಹೋದ್ರು? ನಾಳೆ ಇದೇ ಹೊತ್ತಿಗೆ ಬರ್ತೀನಿ. ಈಗ ಅವಳ ಕೈಗೆ ಫೋನ್ ಕೊಡು, ಒಂದೇ ಒಂದು ಮಾತು."

"ನಿದ್ದೆ ಮಾತ್ರೆ ಕೊಟ್ಟಿದ್ದಾರೆ. ಮಲಗಿದಾಳೆ," ಎಂದು ಫೋನನ್ನು ಆರಿಸಿಬಿಟ್ಟಳು.

ಮಗಳು ಮಲಗಿರಲಿಲ್ಲ. ತಲೆ ಬೋಳಿಸಿಕೊಂಡು, ಹಾಸಿಗೆಯಲ್ಲಿ ನೆಟ್ಟಗೆ ಕೂತು ಬಾಗಿಲನ್ನೇ ನೋಡುತ್ತಿದ್ದಳು. ತಾಯಿಯನ್ನು ಕಂಡು ನಕ್ಕಳು. ಕಣ್ಣು ಮಾತ್ರ ತಾಯಿಯ ಹೆಗಲಿನಾಚೆಗೆ ಹೋಯಿತು.

"ಅಪ್ಪ?"

"ಬರಲ್ಲ ಅಂದ್ರು."

"ನಾನು ಕೇಳ್ದೆ ಅಂತ ಹೇಳಿದ್ಯಾ?"

"ಹೇಳ್ದೆ."

"ಏನಂದ್ರು?"

ಇದಕ್ಕೆ ಅವಳು ತಯಾರಾಗಿ ಬಂದಿರಲಿಲ್ಲ. ಆದರೆ ಒಂದು ಸುಳ್ಳಿಗೆ ಇನ್ನೊಂದು ತಾನಾಗಿ ಒದಗಿ ಬರುತ್ತದೆ.

"'ಯಾರವಳು' ಅಂದ್ರು."

ಮಗಳು ಅಳಲಿಲ್ಲ. ಮೆಲ್ಲಗೆ ಒರಗಿಕೊಂಡು, ಇನ್ನೂ ಕೇಳಿಸುತ್ತಿದ್ದ ಕಿವಿಯನ್ನು ದಿಂಬಿಗೆ ಒತ್ತಿ ಮಲಗಿದಳು. ನಾನಿದ್ದೀನಲ್ಲ ಕಂದಾ, ನೋಡು, ನಾನಿದ್ದೀನಿ ಎಂದು ತಾಯಿ ಬೆನ್ನು ಸವರುತ್ತ ಎಷ್ಟೋ ಹೊತ್ತು ಹೇಳಿದಳು. ಎಲ್ಲವೂ ಕೇಳದ ಕಿವಿಯ ಪಾಲಾಯಿತು. ಬೆಳಿಗ್ಗೆ ಸ್ಟ್ರೆಚರ್ ಬಂದಾಗಲೂ ಮಗಳು ಈ ಕಡೆ ಮಗ್ಗುಲಾಗಲಿಲ್ಲ.

ಆಪರೇಷನ್ನು ಚೆನ್ನಾಗಿ ಆಯಿತು. ಜೀವಕ್ಕೆ ಭಯವಿಲ್ಲ, ಕಿವಿ ಮಾತ್ರ ನಾವು ಹೇಳಿದ ಹಾಗೆಯೇ ಎಂದು ಡಾಕ್ಟರು ತಾಯಿಗೆ ಹೇಳಿದರು. ಸಂಜೆಗೆ ಓಡಿಬಂದ ಕೂಗುಮಾರಿಗೆ ಅವಳು ಮೊದಲರ್ಧ ಮಾತ್ರ ಮುಟ್ಟಿಸಿದಳು. ಮಗಳನ್ನು ವಾರ್ಡಿಗೆ ತರುವವರೆಗೆ ಅವನು ಕಾರಿಡಾರಿನಲ್ಲಿ ಹಣ್ಣಿನ ಚೀಲ ತಬ್ಬಿಕೊಂಡು, ಬಂದುಹೋಗುವ ನರ್ಸುಗಳಿಗೆಲ್ಲ ಎದ್ದು ನಿಲ್ಲುತ್ತ ಕಳೆದ.

ಒಳಗೆ ಬಿಟ್ಟಾಗ ಬಾಗಿಲಲ್ಲೇ ನಿಂತ. ಅಭ್ಯಾಸ. ಮಗಳು ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದಳು, ತಲೆಗೆ ಬಿಳಿ ಪಟ್ಟಿ. ಅಂಗಿಯ ಗುಂಡಿ ಸರಿಮಾಡಿಕೊಂಡು, ಗಂಟಲು ಸವರಿಕೊಂಡು, ಬಚ್ಚಲಿನಲ್ಲಿ ಎಷ್ಟು ಸಲ ತಿದ್ದಿದ್ದನೋ ಆ ಹೆಸರನ್ನು ಅವನು ಕೂಗಿದ. ಒಳ್ಳೆಯ ದನಿ, ಸುಳ್ಳು ಹೇಳಬಾರದು. ವಾರ್ಡಿನವರೆಲ್ಲ ತಿರುಗಿ ನೋಡಿದರು. ಆಚೆ ಮಂಚದ ಮುದುಕಿ ಎದ್ದೇ ಕೂತಳು. ಮಗಳು ಅಲ್ಲಾಡಲಿಲ್ಲ. ಇನ್ನೊಮ್ಮೆ ಕೂಗಿದ, ಈ ಸಲ ದನಿ ಒಡೆಯಿತು.

"ಎಚ್ಚರ ಇದಾಳೆ ಕಣೇ, ಕೈ ಆಡಿಸ್ತಿದಾಳೆ," ಎಂದು ಹೆಂಡತಿಯ ಕಡೆ ತಿರುಗಿದ. ಮುಖ ಬಿಳಿಚಿತ್ತು. "ಬೇಕೂಂತ್ಲೇ ತಿರುಗ್ತಿಲ್ಲ ಅಲ್ವಾ?"

ಹೇಳಿಬಿಡಲು ಒಂದೇ ಒಂದು ಮಾತು ಸಾಕಿತ್ತು. ಅವಳು ಗಂಡನ ಕೈಯಿಂದ ಹಣ್ಣಿನ ಚೀಲ ತೆಗೆದುಕೊಂಡಳು.

"ಹೂಂ. ನಿಮ್ಮ ಮುಖ ನೋಡಲ್ಲ ಅಂತ ನಿನ್ನೇನೇ ಅಂದ್ಲು. ಸುಮ್ನೆ ಬೇಜಾರು ಮಾಡ್ಕೋಬೇಡಿ, ನೀವು ಹೊರಡಿ."

ಅವನು ಗೋಡೆ ಹಿಡಿದುಕೊಂಡು ಲಿಫ್ಟಿನವರೆಗೆ ನಡೆದ. ಲಿಫ್ಟು ಇಳಿದು ಹೋಗುವವರೆಗೂ ಅವಳು ನೋಡುತ್ತ ನಿಂತಳು. ಆಮೇಲೆ ಬಂದು ಮಂಚದ ಅಂಚಿನಲ್ಲಿ ಕೂತು ಮಗಳ ಭುಜ ಮುಟ್ಟಿದಳು. ಮಗಳು ಹೊರಳಿದಳು. ತಾಯಿಯ ಕೈಯಲ್ಲಿದ್ದ ಚೀಲ ನೋಡಿದಳು, ಬಾಗಿಲು ನೋಡಿದಳು. ತನ್ನ ದನಿ ತನಗೇ ಕೇಳಿಸದ್ದರಿಂದ ಇಡೀ ವಾರ್ಡಿಗೆ ಕೇಳಿಸುವ ಹಾಗೆ ಕೂಗಿ ಕೇಳಿದಳು:

"ಅಪ್ಪ ಬಂದಿದ್ರಾ?"

ಎಲ್ಲರೂ ಮತ್ತೆ ತಿರುಗಿದರು. ಆಚೆ ಮಂಚದ ಮುದುಕಿ ಹೌದು ಹೌದು ಎಂದು ಏನೋ ಹೇಳುತ್ತಿದ್ದಳು. ತಾಯಿ ಮಗಳ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ಇಲ್ಲ ಎಂದು ತಲೆಯಾಡಿಸಿದಳು.