ಚಂದ್ರಾಂಬಿಕೆಯ ತಂಗಿ

ಇಳಕಲ್ಲಿನ ಅಕ್ಕನ ಮನೆಯ ಹೊಸ್ತಿಲು ದಾಟುವ ಮೊದಲೇ ಮಹೇಶ್ವರಿಗೆ ಮಂಗಳಾರತಿ ಶುರುವಾಯಿತು.

“ಬಂದಿ? ಬಾರವ್ವಾ, ಬಾ. ಇನ್ನೇನ ಕದಿಯೂದು ಉಳದೈತಿ ಈ ಮನ್ಯಾಗ?” ಎಂದಳು ಅಕ್ಕ ಬಸಲಿಂಗವ್ವ. ಕುಡಿಯಲು ನೀರೂ ಕೊಡಲಿಲ್ಲ.

ಯಾಕೆ ಕೊಡಬೇಕು? ಬೆಂಗಳೂರಿನಲ್ಲಿ ಕೂತು ಮಹೇಶ್ವರಿ ಬರೆಯುವ ಟೀವಿ ಧಾರಾವಾಹಿಯಲ್ಲಿ ಚಂದ್ರಾಂಬಿಕೆ ಎಂಬ ಅತ್ತೆಯಿದ್ದಾಳೆ, ಸೊಸೆಯ ಪಾಲಿನ ಮಾರಿ. ರೊಟ್ಟಿ ಬುಟ್ಟಿಯನ್ನು ಮಂಚದ ಕೆಳಗೆ ಬಚ್ಚಿಟ್ಟು ಸೊಸೆಯನ್ನು ಉಪವಾಸ ಕೆಡವುತ್ತಾಳೆ. ಆ ಬುಟ್ಟಿ, ಆ ಮಂಚ, ಸೆರಗು ಸೊಂಟಕ್ಕೆ ಸಿಗಿಸಿ ಗದರುವ ರೀತಿ, ಎಲ್ಲ ಬಸಲಿಂಗವ್ವನದೇ. ಬರೆದದ್ದು ಸಾಲದೆಂಬಂತೆ ಯಾವುದೋ ಸಂದರ್ಶನದಲ್ಲಿ ಈ ಮಹಾತಾಯಿ, “ಚಂದ್ರಾಂಬಿಕೆ ನನಗೆ ಸಿಕ್ಕಿದ್ದು ಅಕ್ಕನ ಮನೆಯಲ್ಲೇ” ಎಂದು ನಕ್ಕುಬಿಟ್ಟಳು. ಊರಿಗೆ ಅಷ್ಟು ಸಾಕಾಯಿತು. ಸಂತೆಯಲ್ಲಿ ಕಾಯಿಪಲ್ಲೆ ಮಾರುವವಳೂ ಅಕ್ಕನನ್ನು ಚಂದ್ರಾಂಬಿಕಾ ಎಂದು ಕರೆಯತೊಡಗಿದಳು. ಅಕ್ಕನ ಮಗ ಪ್ರವೀಣಕುಮಾರನಿಗೆ ನೋಡಿದ ಹೆಣ್ಣಿನವರೆಲ್ಲ ಹಿಂದೆ ಸರಿದರು.

“ಆ ರೊಟ್ಟಿ ನಿನಗಂತ ಮುಚ್ಚಿಡತಿದ್ನೆಲ್ಲ ನಾ! ಹುನಗುಂದ ಕಾಲೇಜಿನಿಂದ ಹೊತ್ತ ಮುಳುಗಿದ ಮ್ಯಾಲೆ ಬರತಿದ್ದಿ. ನಮ್ಮತ್ತಿ ಕಣ್ಣ ತಪ್ಪಿಸಿ ನಿನಗ ಉಣ್ಣಾಕ ಹಾಕತಿದ್ನಿ. ಹಂಗ ಬರಿಯಾಕ ನಾಚಿಕಿ ಬರಲಿಲ್ಲೇನ?”

ನಾಚಿಕೆ ಬಂದಿತ್ತು. ನೋಡುವ ಜನ ಹೆಚ್ಚಿದಂತೆ ಹಾಳಾದ್ದು ಕಡಿಮೆಯಾಯಿತು.

“ಇವತ್ತ ಕುಳಗೇರಿ ಕ್ರಾಸಿನಿಂದ ಹೆಣ್ಣಿನವರು ಬರ್ತಾರ. ಅವರ ಮುಂದ ಖರೇ ಏನೈತಿ ಅಷ್ಟ ಹೇಳು. ಇದೂ ಮುರೀತಂದ್ರ ನನ್ನ ಮಗಾ ಹಂಗ ಉಳೀತಾನ.”

ಮಧ್ಯಾಹ್ನ ಹುಡುಗಿಯ ಅಪ್ಪ ಅಂದಪ್ಪ, ಅವನ ತಂಗಿ ಸಿದ್ದಲಿಂಗವ್ವ ಬಂದರು. ಅವಲಕ್ಕಿ ಮುಗಿದು ಚಹಾ ಬಂದಾಗ ಅಂದಪ್ಪ ಮಹೇಶ್ವರಿಯ ಕಡೆ ತಿರುಗಿದ.

“ಟೀವಿ ನೋಡಿ ಹೆಣ್ಣ ಕೊಡೂ ಮಂದಿ ನಾವಲ್ರಿ. ಆದ್ರ ಬರದಾವ್ರ ನೀವು. ನೀವ ಹೇಳ್ರಿ, ನಿಮ್ಮಕ್ಕ ಎಂಥಾಕಿ?”

ಮಹೇಶ್ವರಿ ಎದ್ದು ನಿಂತಳು. ರೊಟ್ಟಿಯ ಮಾತು ಹೇಳಬೇಕೆಂದೇ ಬಾಯಿ ತೆರೆದಳು. ಆದರೆ ಎಲ್ಲರ ಮುಖ ತನ್ನತ್ತ ತಿರುಗಿದ್ದೇ ತಡ, ಕಸುಬು ಎದ್ದು ಕುಂತಿತು. ಕಣ್ಣು ತುಂಬಿತು, ದನಿ ತಾನಾಗಿಯೇ ಇಳಿಯಿತು.

“ಅಣ್ಣಾರ, ಈಕಿ ನನಗ ಅಕ್ಕ ಅಲ್ರಿ, ಹಡದವ್ವ. ಈ ಹೊಸ್ತಿಲಾ ದಾಟಿ ಬರಾಕಿ ಸೊಸಿ ಅಲ್ಲ, ಈಕಿ ಹಡೀಲಾರದ ಮಗಳು. ನಿಮ್ಮ ಕೂಸಿನ ಕಣ್ಣಾಗ ಹನಿ ನೀರ ಬಂದ್ರ ಮೊದಲ ಈಕಿ ಎದಿ ಒಡೀತೈತಿ.”

ಅಂದಪ್ಪ ಕರಗಿಹೋದ. ಬಸಲಿಂಗವ್ವನ ಮುಖದಲ್ಲೂ ಜೀವ ಬಂತು. ಸಿದ್ದಲಿಂಗವ್ವ ಮಾತ್ರ ಚಹಾದ ಬಸಿ ಕೆಳಗಿಟ್ಟಳು.

“ಅಣ್ಣಾ, ತಡಿ. ಇದು ಟೀವ್ಯಾಗ ಚಂದ್ರಾಂಬಿಕಾನ ತಂಗಿ ಹೆಣ್ಣಿನವರಿಗಿ ಹೇಳಿದ ಮಾತು. ಹಿಂಗ ಕಣ್ಣೀರ ಹಾಕೇ ಮದುವಿ ಮಾಡಿಸಿದ್ಲು. ಒಂದ ಅಕ್ಷರಾ ಬಿಟ್ಟಿಲ್ಲ ನೋಡು.”

ಹೌದು, ಆ ಮಾತುಗಳನ್ನು ಮಹೇಶ್ವರಿ ತಾನೇ ಬರೆದಿದ್ದಳು, ಕೇಡಿ ತಂಗಿಯ ಬಾಯಿಗೆ.

“ಅಲ್ರಿ, ಖರೇ ಹೇಳ್ತೇನಿ, ಆ ರೊಟ್ಟಿ ನನಗಂತ...”

“ಸಾಕ ಬಿಡ್ರಿ,” ಎಂದಳು ಸಿದ್ದಲಿಂಗವ್ವ. “ಭಾಳ ಚಂದ ಹೇಳ್ತೀರಿ ನೀವು.”

ಬಸಲಿಂಗವ್ವ ಅಕ್ಕಿ, ಕಾಯಿ, ಕುಪ್ಪಸದ ಖಣ ಹಿಡಿದು ಉಡಿ ತುಂಬಲು ಓಡಿ ಬಂದಳು. ಸಿದ್ದಲಿಂಗವ್ವ ಸೆರಗು ಒಡ್ಡಲಿಲ್ಲ, ಅಣ್ಣನನ್ನು ಎಬ್ಬಿಸಿಕೊಂಡು ಹೊರಟಳು. ಉಡಿ ತುಂಬಿಸಿಕೊಳ್ಳದೆ ಎದ್ದುಹೋದ ಹೆಣ್ಣುಮಗಳು ಮತ್ತೆ ಆ ಮನೆಯ ಸಂಬಂಧ ಬೆಳೆಸುವುದಿಲ್ಲ. ಮೂಲೆಯಲ್ಲಿ ಕೂತಿದ್ದ ಪ್ರವೀಣಕುಮಾರ ಯಾರನ್ನೂ ನೋಡದೆ ತನ್ನ ಗಾಡಿ ಹತ್ತಿ ಹೋದ.

“ಊರ ಮಂದೀಗೆಲ್ಲ ಮಾತ ಬರದ ಕೊಡತಿ,” ಎಂದಳು ಅಕ್ಕ. “ನನ್ನ ಸಲುವಾಗಿ ನಿಂದಂತ ಒಂದ ಮಾತ ಇರಲಿಲ್ಲೇನ?”

ತಪ್ಪಾತು ಅಕ್ಕಾ ಎನ್ನಲು ಮಹೇಶ್ವರಿ ಬಾಯಿ ತೆರೆದಳು. ಅದನ್ನೂ ಧಾರಾವಾಹಿಯಲ್ಲಿ ಯಾರ್‍ಯಾರಿಗೋ ಎಷ್ಟು ಸಲ ಬರೆದುಕೊಟ್ಟಿದ್ದಳೋ! ಬಾಯಿ ಮುಚ್ಚಿಕೊಂಡಳು.

“ಮಾತಾಡ ಈಗ!” ಅಕ್ಕ ಅವಳ ರಟ್ಟೆ ಹಿಡಿದು ಅಲುಗಿಸಿದಳು. “ಮಾತಾಡ!”