ಊರ ಮಗನ ಎಡೆ

“ಏನಮ್ಮೀ ಅದು ಕ್ಯಾರಿಯರ್‌ನಲ್ಲಿ? ಬಾಡಾ? ಥೂ, ನಿನ್ ಜಲ್ಮಕ್ಕಿಷ್ಟು. ಬೆಳಿಗ್ಗೆ ತಾನೆ ಪೂಜಾರಿ ಗುರುಮಲ್ಲಯ್ಯನೋರು ಹಾಲಾಕಿ ಕಲ್ಲ ಸುದ್ದ ಮಾಡ್ಬುಟ್ಟು ಓಗವ್ರೆ. ಈಗ ನಾತ ಒತ್ಕಂಡು ಬಂದವ್ಳೆ, ಮುಂಡೆ.”

ಮುಂಡೆ ಎಂದದ್ದೇನೂ ಸುಳ್ಳಲ್ಲ. ಮರಿತಾಯಮ್ಮನ ಗಂಡ ತೀರಿ ಆರು ವರ್ಷವಾಗಿತ್ತು. ಇದ್ದೊಬ್ಬ ಮಗ ಸುಧಾಕರ್ ಮಿಲಿಟರಿ ಸೇರಿ, ಗಡಿಯಲ್ಲಿ ಹಿಮ ಕುಸಿದು ಸತ್ತು ಇವತ್ತಿಗೆ ಸರಿಯಾಗಿ ಒಂದು ವರ್ಷ. ಅವನ ಹೆಸರಿನ ಪಾರ್ಕಿನ ಗೇಟಿನಲ್ಲೇ ಅವಳನ್ನು ತಡೆದು ನಿಲ್ಲಿಸಿದ್ದವನು ಸ್ಮಾರಕ ಸಮಿತಿಯ ಅಧ್ಯಕ್ಷ ಪುಟ್ಟಬಸಪ್ಪ.

“ಎಡೆ ಬುದ್ದೀ,” ಎಂದಳು ಮರಿತಾಯಮ್ಮ. “ವರ್ಸದ ಎಡೆ. ಇಟ್ಟು, ಬೋಟಿ ಗೊಜ್ಜು. ಮಣ್ಣು ಮಾಡಿದ್ ತಾವೇ ಇಕ್ಬೇಕು. ಇಕ್ಬುಟ್ಟು ಒಂಟೋಯ್ತೀನಿ.”

ಮಣ್ಣು ಮಾಡಿದ್ದು ಇಲ್ಲೇ. ಅದೂ ಒಂದು ಚೆಂದದ ಕಥೆ. ಕೇರಿಯವರ ಸ್ಮಶಾನಕ್ಕೆ ದಾರಿಯಿಲ್ಲ. ಹೆಣ ಹೊತ್ತವರು ಹೊಲದ ಬದುವಿನ ಮೇಲೆ ಓಲಾಡಿಕೊಂಡೇ ಹೋಗಬೇಕು. ಹೂವಿನ ಅಲಂಕಾರದ ಮಿಲಿಟರಿ ಲಾರಿ ಬದುವಿನ ಮೇಲೆ ಹೋದೀತೇ? ತೆರಕಣಾಂಬಿ ರಸ್ತೆಯ ಪಕ್ಕದ ಈ ಸರ್ಕಾರಿ ಜಾಗದಲ್ಲೇ ಗುಂಡು ಹಾರಿಸಿ ಗುಂಡಿ ಮುಚ್ಚಿದರು. ಕೇರಿಗೊಂದು ದಾರಿ ಬಿಡುವುದಕ್ಕಿಂತ ಪಾರ್ಕು ಮಾಡುವುದೇ ಸಲೀಸು ಎಂದು ಊರಿಗೆ ಹೊಳೆದದ್ದು ಆಮೇಲೆ. ಬೇಲಿ ಬಂತು, ಹುಲ್ಲು ಬಂತು, ಪ್ರತಿಮೆಯೂ ಬಂತು. ಮರಿತಾಯಮ್ಮನ ಮಗ ಕರ್ರಗೆ ಬಡಕಲಾಗಿದ್ದ. ಪ್ರತಿಮೆಯವನು ಕೆಂಪಗೆ, ಗುಂಡುಗುಂಡಗಿದ್ದ. ಹಣೆ ತುಂಬ ವಿಭೂತಿ ಬೇರೆ. ಕೆಳಗೆ ‘ನಮ್ಮೂರ ಹೆಮ್ಮೆಯ ಮಗ’ ಎಂದು ಕೆತ್ತಿಸಿದ್ದರು.

“ನೋಡಮ್ಮಿ, ಸತ್ತೋದ್ ಮ್ಯಾಕೆ ಅವ್ನು ನಿನ್ ಮಗ ಅಲ್ಲ, ಊರ ಮಗ. ಊರು ಬಾಡು ತಿನ್ನಲ್ಲ.”

“ನಾನೂ ಊರ್ನೋಳೇ ಅಲ್ವಾ ಬುದ್ದಿ?”

“ನೀನು ಕೇರಿಯೋಳು.”

ಅವನು ಬೆರಳು ತೋರಿಸಿದ್ದೇ ಡಬ್ಬಿ ಅವಳ ಕೈಯಿಂದ ಇಳಿದು, ಗೇಟಿನ ಪಕ್ಕ ಜನ ಬಿಟ್ಟಿದ್ದ ಚಪ್ಪಲಿಗಳ ನಡುವೆ ಹೋಗಿ ಕುಳಿತಿತು. “ಅವ್ವ, ರಜಕ್ಕೆ ಬತ್ತಾವ್ನಿ, ಬೋಟಿ ಮಾಡಿಕ್ಕು,” ಎಂದು ಫೋನಿನಲ್ಲಿ ಹೇಳಿದ್ದವನು ಪೆಟ್ಟಿಗೆಯಲ್ಲಿ ಬಂದಿದ್ದ. ವರ್ಷದ ದಿನ ಎಡೆ ಬೀಳದಿದ್ದರೆ ಸತ್ತವರು ಹಸಿದುಕೊಂಡೇ ಅಲೆಯುತ್ತಾರೆ. ಇದು ಅವಳಿಗೆ ನಂಬಿಕೆಯಲ್ಲ, ಗೊತ್ತಿರುವ ಸಂಗತಿ.

ಮುಖ್ಯ ಅತಿಥಿ ಎರಡು ಗಂಟೆ ತಡವಾಗಿ ಬಂದರು. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಎನ್ನುವ ಹಾಗೆ ಭಾಷಣಗಳಾದವು. “ಸುಧಾಕರ ನಮ್ಮ ಮನೆಯಲ್ಲೇ ಉಂಡು ಬೆಳೆದ ಹುಡುಗ,” ಎಂದು ಪುಟ್ಟಬಸಪ್ಪ ಮೈಕಿನಲ್ಲಿ ಗದ್ಗದಿತನಾದ. ಉಂಡದ್ದು ನಿಜ. ಕೊಟ್ಟಿಗೆಯಲ್ಲಿ ಕೂತು ಉಂಡು, ಎಲೆಯನ್ನೂ ಸಗಣಿಯನ್ನೂ ತಾನೇ ಎತ್ತಿ ಬರುತ್ತಿದ್ದ. ಆಮೇಲೆ ವೀರಮಾತೆಗೆ ಸನ್ಮಾನ. ಮೈ ಮುಟ್ಟದ ಹಾಗೆ ಶಾಲು ಹೊದಿಸುವುದು ಒಂದು ಕಲೆ. ಪುಟ್ಟಬಸಪ್ಪನಿಗೆ ಅದು ಚೆನ್ನಾಗಿ ಬರುತ್ತಿತ್ತು. ಶಾಲು ಹೊದ್ದವಳನ್ನು ಯಾರೋ ಪಕ್ಕಕ್ಕೆ ಸರಿಯಲು ಹೇಳಿದರು, ಫೋಟೋಗೆ ಅಡ್ಡವಾಗುತ್ತಾಳೆಂದು. ಸರಿಯುತ್ತ ಸರಿಯುತ್ತ ಅವಳು ಗೇಟಿನ ಹತ್ತಿರವೇ ಬಂದು ನಿಂತಳು.

“ಈಗ ರಾಷ್ಟ್ರಗೀತೆ,” ಎಂದ ಪುಟ್ಟಬಸಪ್ಪ. “ದಯಮಾಡಿ ಎಲ್ಲರೂ ನೆಟ್ಟಗೆ ನಿಲ್ಲಬೇಕು. ಮುಗಿಯುವವರೆಗೆ ಒಬ್ಬರೂ ಅಲುಗಾಡಬಾರದು. ದೇಶದ ಮಾನದ ಪ್ರಶ್ನೆ.”

ಹೈಸ್ಕೂಲು ಹುಡುಗಿಯರು ರಾಗ ಎಳೆದು ಎಳೆದು ಶುರುಮಾಡಿದರು. ಅತಿಥಿಗಳು, ಪೊಲೀಸರು, ಸಮಿತಿಯವರು, ಎಲ್ಲರೂ ಹುಗಿದ ಕಲ್ಲುಕಂಬಗಳಂತೆ ನಿಂತರು. ಮರಿತಾಯಮ್ಮ ಮಾತ್ರ ಬಗ್ಗಿ, ಚಪ್ಪಲಿಗಳ ನಡುವಿನಿಂದ ಡಬ್ಬಿ ಎತ್ತಿಕೊಂಡಳು. ನೇರ ಹುಲ್ಲಿನ ಮೇಲೆ ನಡೆದಳು. ಅತಿಥಿಯ ಮುಂದೆ ಹಾದಳು. ಪುಟ್ಟಬಸಪ್ಪನ ಕೈ ತೊಡೆಗೆ ಅಂಟಿಕೊಂಡೇ ಇತ್ತು. ಕಣ್ಣುಗುಡ್ಡೆ ಮಾತ್ರ ಅವಳ ಹಿಂದೆಯೇ ಹೋಯಿತು.

ಪ್ರತಿಮೆಯ ಕಟ್ಟೆಯ ಮೇಲೆ, ‘ಹೆಮ್ಮೆಯ ಮಗ’ ಎನ್ನುವುದರ ಮುಂದೆಯೇ ಅವಳು ಡಬ್ಬಿಗೆ ಸುತ್ತಿ ತಂದಿದ್ದ ಬಾಳೆಲೆ ಬಿಡಿಸಿದಳು. ಹಿಟ್ಟು ಇಟ್ಟಳು, ನಡುವೆ ಬೆರಳಿನಿಂದ ಗುಳಿ ಮಾಡಿದಳು, ಗೊಜ್ಜು ಬಿಟ್ಟಳು. ಬೋಟಿಯ ಘಮ ಮುಂದಿನ ಸಾಲಿನ ಕುರ್ಚಿಗಳವರೆಗೂ ಹೋಯಿತು. ಒಬ್ಬರೂ ಮೂಗು ಮುಚ್ಚಿಕೊಳ್ಳುವಂತಿರಲಿಲ್ಲ.

“ಉಣ್ಣು ಮಗ. ಆತ್ರ ಪಡ್ಬ್ಯಾಡ,” ಎಂದಳು. “ಆಡು ಮುಗಿಯಗಂಟ ಯಾರೂ ಅಳ್ಳಾಡಂಗಿಲ್ಲ.”

ಹುಡುಗಿಯರು ಕೊನೆಯ ‘ಜಯ ಹೇ’ ಹತ್ತಿರ ಬಂದಿದ್ದರು. ಪುಟ್ಟಬಸಪ್ಪನ ಹಿಮ್ಮಡಿ ಆಗಲೇ ನೆಲ ಬಿಟ್ಟಿತ್ತು. ಮರಿತಾಯಮ್ಮ ಹೊದ್ದಿದ್ದ ಶಾಲನ್ನು ತೆಗೆದು ಹುಲ್ಲಿನ ಮೇಲೆ ಹಾಸಿ, ಎಲೆಗೆ ಬೆನ್ನು ಕೊಟ್ಟು, ಬರುವವರ ಕಡೆ ಮುಖ ಮಾಡಿ ಚಕ್ಕಳಮಕ್ಕಳ ಹಾಕಿ ಕುಳಿತಳು.