ಸದ್ದು ಮಾಡಬೇಡಿ

ಲಕ್ಷ್ಮೀಕಾಂತರಿಗೆ ಸಾಕಾಗಿಹೋಗಿತ್ತು. ತುಮಕೂರಿನಲ್ಲಿ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ ಅವರು ನಡೆಸುತ್ತಿದ್ದ ವಿಜ್ಞಾನ ಬಳಗಕ್ಕೆ ಜನ ಬರುತ್ತಿದ್ದುದು ಸರ್ಟಿಫಿಕೇಟಿಗೆ, ಇಲ್ಲವೇ ಉಪ್ಪಿಟ್ಟಿಗೆ. ಪ್ರಾರ್ಥನೆ, ಸ್ವಾಗತ, ದೀಪ, ಹಾರ, ಅಧ್ಯಕ್ಷರ ನುಡಿ ಎಲ್ಲ ಮುಗಿದ ಮೇಲೆ ಉಪನ್ಯಾಸಕ್ಕೆ ಉಳಿಯುತ್ತಿದ್ದುದು ಚೂರುಪಾರು ಹೊತ್ತು. ಜನರಿಗೆ ವಿಜ್ಞಾನ ಮುಟ್ಟಿಸುತ್ತೇವೆಂದು ಹೊರಟವರು ಶಾಲು ಹೊದಿಸುವುದರಲ್ಲಿ ಪಳಗಿಬಿಟ್ಟಿದ್ದರು.

ಹೋದ ತಿಂಗಳು ಮಧುಶ್ರೀಗೂ ಹಾಗೇ ಆಯಿತು. ಬೆಳ್ಳಾವಿಯ ಹುಡುಗಿ. ಡಿಗ್ರಿಗೆ ಸೇರಿದಾಗಿನಿಂದ ಪ್ರತಿ ಸಭೆಗೂ ಬಂದು ಪ್ರಶ್ನೆ ಕೇಳುತ್ತಿದ್ದವಳು ಅವಳೊಬ್ಬಳೇ. ಈಗ ನೀರುಹಕ್ಕಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಮೊದಲ ಸಲ ಮಾತಾಡಲು ನಿಂತರೆ, ಬಾಯಿ ತೆರೆಯುವಷ್ಟರಲ್ಲಿ ಊಟಕ್ಕೆ ಹೊತ್ತಾಯಿತೆಂದು ಚೀಟಿ ಬಂತು. ನಕ್ಕು ಕೆಳಗಿಳಿದಳು. ಆ ನಗು ಲಕ್ಷ್ಮೀಕಾಂತರನ್ನು ಆಮೇಲೂ ಚುಚ್ಚುತ್ತಿತ್ತು. ಈ ಹುಡುಗಿಯ ಮಾತನ್ನು ಒಮ್ಮೆಯಾದರೂ ನಾಲ್ಕು ಜನ ಕೇಳಬೇಕು, ಅಷ್ಟಾದರೆ ಸಾಕು ಅನ್ನಿಸಿತ್ತು ಅವರಿಗೆ.

"ಈ ಸಲ ಕುಣಿಗಲ್ ಕೆರೆಗೇ ಹೋಗೋಣಮ್ಮ. ಸ್ಟೇಜಿಲ್ಲ, ಭಾಷಣ ಇಲ್ಲ. ನೀನೊಬ್ಳೇ ಮಾತಾಡೋದು," ಎಂದು ಮಾತು ಕೊಟ್ಟರು.

ಆದರೆ ಬಸ್ಸು ಕೊಡಿಸಿದವರು ಗುಬ್ಬಿಯ ಟೈಲ್ಸ್ ಅಂಗಡಿಯ ಉದಯಕುಮಾರ್. ಭಾನುವಾರ ಬೆಳಿಗ್ಗೆ ಬಸ್ಸು ಅಲ್ಲಿಗೆ ತಲುಪುವ ಮೊದಲೇ ಅವರು ಕೆರೆ ಏರಿಯ ಮೇಲೆ ಮೈಕ್ ಸೆಟ್ ಇಡಿಸಿದ್ದರು. ಏರಿಯಲ್ಲಿ ಜಾಗ ಸಾಲದೆ ಮೈಕಿನ ಹಾರ್ನುಗಳನ್ನು ಕೆರೆಯ ಕಡೆಗೇ ತಿರುಗಿಸಿ ಕಟ್ಟಿದ್ದರು. ಲಕ್ಷ್ಮೀಕಾಂತ್ ಉದಯಕುಮಾರರನ್ನು ಪಕ್ಕಕ್ಕೆ ಕರೆದು, ಹಕ್ಕಿ ನೋಡುವ ಕಡೆ ಮೈಕು ಬೇಡವೆಂದು ಗೋಗರೆದರು. ಉದಯಕುಮಾರ್ ಮುಖ ಸಣ್ಣದು ಮಾಡಿಕೊಂಡು, ಭಾಷಣ ಬಿಡುತ್ತೇನೆ, ಕೊನೆಯಲ್ಲಿ ಒಂದು ಶಾಲು ಮಾತ್ರ ಎಂದು ಒಪ್ಪಿದರು. ಶಾಲಿನ ಹೊತ್ತಿಗೆ ಬೇಕೆಂದು ಮೈಕು ಆನ್ ಆಗಿಯೇ ಉಳಿಯಿತು. ಲಕ್ಷ್ಮೀಕಾಂತ್ ಇಷ್ಟು ವರ್ಷದಲ್ಲಿ ಒಂದು ಭಾಷಣ ತಪ್ಪಿಸಿದ್ದು ಅದೇ ಮೊದಲು.

ಹೆಜ್ಜಾರ್ಲೆ ಹಕ್ಕಿಗಳು ದಡಕ್ಕೆ ತೀರಾ ಹತ್ತಿರ ಬಂದಿದ್ದವು. ನೋಡಿ ಮಧುಶ್ರೀಯ ಮುಖ ಅರಳಿತು. ಸಣ್ಣ ದನಿಯಲ್ಲಿ ಶುರುಮಾಡಿದಳು. ಹಿಂದಿದ್ದವರು ಸೆಲ್ಫಿ ತೆಗೆಯುತ್ತ, ಚಿತ್ರಾನ್ನ ಯಾವಾಗ ಎನ್ನುತ್ತ ಸಂತೆ ಮಾಡಿಬಿಟ್ಟರು. ಪಕ್ಕದಲ್ಲಿ ನಿಂತವರಿಗೂ ಅವಳ ಮಾತು ಕೇಳದು. ಪಾಪ, ಮತ್ತೆ ಮೊದಲಿಂದ ಹೇಳತೊಡಗಿದಳು. ಲಕ್ಷ್ಮೀಕಾಂತರಿಗೆ ತಲೆ ಕೆಟ್ಟುಹೋಯಿತು. ಎಷ್ಟೋ ವರ್ಷದಿಂದ ನುಂಗಿಕೊಂಡದ್ದೆಲ್ಲ ಒಟ್ಟಿಗೆ ಗಂಟಲಿಗೆ ಬಂತು. ಸಭೆ ನಡೆಸಿ ನಡೆಸಿ ಅಭ್ಯಾಸವಾದ ಕೈ ತಾನಾಗಿ ಮೈಕು ಹಿಡಿಯಿತು.

"ದಯವಿಟ್ಟು ಯಾರೂ ಸದ್ದು ಮಾಡಬೇಡಿ. ಹಕ್ಕಿಗಳು ಹೆದರ್ತವೆ."

ಹಾರ್ನುಗಳು ಅಬ್ಬರಿಸಿದವು. ಹೆಜ್ಜಾರ್ಲೆ, ಬಾತು, ಬೆಳ್ಳಕ್ಕಿ, ಕೆರೆಯಲ್ಲಿದ್ದವೆಲ್ಲ ಒಮ್ಮೆಲೇ ಎದ್ದವು. ತಲೆಯ ಮೇಲೆ ಒಂದು ಸುತ್ತು ಹೊಡೆದು ಹೋಗಿಯೇಬಿಟ್ಟವು. ಜನ ಚಪ್ಪಾಳೆ ತಟ್ಟಿದರು. ಒಳ್ಳೆಯ ವಿಡಿಯೋ ಸಿಕ್ಕಿತೆಂದು ಉದಯಕುಮಾರ್ ಖುಷಿಯಾಗಿ ಮಧುಶ್ರೀಗೆ ಶಾಲು ಹೊದಿಸಿದರು. ಎಲ್ಲರೂ ಚಿತ್ರಾನ್ನದ ಕಡೆ ನಡೆದರು.

ಮಧುಶ್ರೀ ಶಾಲು ಮಡಿಸಿದಳು. ಅಳಲಿಲ್ಲ, ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಲಕ್ಷ್ಮೀಕಾಂತರಿಗೆ ಎಷ್ಟೋ ಮೇಲಾಗುತ್ತಿತ್ತು.

"ನನಗೋಸ್ಕರಾನೇ ಕೂಗಿದ್ರಿ ಅಂತ ಗೊತ್ತು ಸರ್," ಎಂದಳು. "ಆದ್ರೆ ಇನ್ಮೇಲೆ ನನ್ನ ಕರೀಬೇಡಿ."

ನಿನ್ನನ್ನು ಬಿಟ್ಟರೆ ಇನ್ಯಾರನ್ನು ಕರೆಯಲಮ್ಮ ಎಂದು ಕೇಳಬೇಕೆನಿಸಿತು. ಕೇಳಲು ಮುಖವಿರಲಿಲ್ಲ. ಆಯ್ತಮ್ಮ ಎಂದರು. ಅವಳು ಬಸ್ಸಿಗೂ ಕಾಯದೆ ಏರಿಯ ಮೇಲೆ ಕುಣಿಗಲ್ ಊರ ಕಡೆ ನಡೆದು ಹೋದಳು.

ಕೈಯಲ್ಲಿ ತಟ್ಟೆ ಹಿಡಿದು ಬಂದ ಉದಯಕುಮಾರ್, ಮುಂದಿನ ತಿಂಗಳ ಕಾರ್ಯಕ್ರಮ ಗುಬ್ಬಿಯಲ್ಲೇ ಆಗಲಿ, ಬಳಗದವರಿಗೆಲ್ಲ ಊಟ ತಮ್ಮದೇ ಎಂದರು.

"ಬಳಗ ಅಂತ ಇದ್ದಿದ್ದು ಅವಳೊಬ್ಳೇ ಸರ್," ಎಂದರು ಲಕ್ಷ್ಮೀಕಾಂತ್. "ಹೋದ್ಲು."